ಕಾಲು ಅಲ್ಲಾಡಿಸಿ, ನೀರು ಕುಡಿಯಿರಿ, ಬಸ್ ನಿಲ್ಲಿಸಿ ಎಂದು ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಯಾಣದ ಬಗ್ಗೆಯೇ ಇವೆ. ಯಾತ್ರೆ, ಮದುವೆ, ಮಗಳ ಬಾಣಂತನಕ್ಕೆ ಅಮೆರಿಕ. ಎಲ್ಲರ ಮನಸ್ಸಿನಲ್ಲೂ ಒಂದೇ ಭಯ: ತುಂಬಾ ಹೊತ್ತು ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದಂತೆ, ನಿಜವೇ? ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಕಾಲಿಗೇ ಮೀಸಲು. ದಾವಣಗೆರೆಯಲ್ಲಿ 31 ವರ್ಷದಿಂದ ರೋಗಿಗಳನ್ನು ನೋಡುತ್ತಿದ್ದೇನೆ. ಈ ಕಾಯಿಲೆ ಮಾತ್ರ ನನ್ನ ಮನೆಯೊಳಗೇ ಬಂದು ಹೋಗಿದೆ. ಅದನ್ನೂ ಕೆಳಗೆ ಒಂದು ಉತ್ತರದಲ್ಲಿ ಬರೆದಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನನಗೆ 63 ವರ್ಷ. ಮಗಳ ಬಾಣಂತನಕ್ಕೆ ಮುಂದಿನ ತಿಂಗಳು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದೇನೆ. 16 ಗಂಟೆ ವಿಮಾನದಲ್ಲೇ ಕೂರಬೇಕಂತೆ. ನನ್ನ ಎರಡೂ ಕಾಲಲ್ಲಿ ನೀಲಿ ನರ ಉಬ್ಬಿಕೊಂಡಿವೆ. ಹೊರಡುವ ದಿನ ಒಂದು ಎಕೋಸ್ಪ್ರಿನ್ ನುಂಗಿಬಿಡಿ, ರಕ್ತ ತೆಳ್ಳಗಿರುತ್ತೆ ಅಂತ ಪಕ್ಕದ ಮನೆಯವರು ಹೇಳಿದರು. ನುಂಗಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಎಕೋಸ್ಪ್ರಿನ್, ಅಂದರೆ ಆಸ್ಪಿರಿನ್ ಮಾತ್ರೆ, ಬೇಡಮ್ಮ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಹೃದಯದ ತೊಂದರೆಗೆ ಡಾಕ್ಟರು ಬರೆದುಕೊಟ್ಟು ನೀವು ದಿನಾ ತೆಗೆದುಕೊಳ್ಳುತ್ತಿದ್ದರೆ ಬಿಡಬೇಡಿ, ಎಂದಿನಂತೆ ಮುಂದುವರಿಸಿ. ಪ್ರಯಾಣಕ್ಕೆಂದು ಹೊಸದಾಗಿ ನುಂಗುವುದು ಬೇಡ. ಅದು ಹೃದಯದ ರಕ್ತನಾಳಗಳಲ್ಲಿ ಮಾಡುವಷ್ಟು ಕೆಲಸವನ್ನು ಕಾಲಿನ ರಕ್ತನಾಳಗಳಲ್ಲಿ ಮಾಡುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಮಾತ್ರ ಇದ್ದೇ ಇರುತ್ತದೆ. ವಿಮಾನದೊಳಗೆ ಹಾಗಾದರೆ ಏನು ಮಾಡುತ್ತೀರಿ?

ಈಗ ಕಾಲಿನಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ಹಾಲಿಗೆ ಹೆಪ್ಪು ಹಾಕಿದ ಮೇಲೆ ನಾವು ಪಾತ್ರೆಯನ್ನು ಒಂದು ಮೂಲೆಯಲ್ಲಿಟ್ಟು, ಯಾರೂ ಮುಟ್ಟಬೇಡಿ ಅನ್ನುತ್ತೇವೆ, ಅಲ್ವಾ? ಅಲ್ಲಾಡಿಸಿದರೆ ಮೊಸರು ಗಟ್ಟಿಯಾಗಿ ಕೂರುವುದಿಲ್ಲ. ರಕ್ತದ್ದೂ ಹತ್ತಿರ ಹತ್ತಿರ ಅದೇ ಕಥೆ. ಹರಿಯುತ್ತಿದ್ದರೆ ಕ್ಷೇಮ, ನಿಂತರೆ ಗಟ್ಟಿಯಾಗುತ್ತದೆ. ಹೃದಯ ರಕ್ತವನ್ನು ಕಾಲಿಗೆ ಜೋರಾಗಿ ತಳ್ಳುತ್ತದೆ. ಆದರೆ ಕಾಲಿನಿಂದ ಮೇಲಕ್ಕೆ ವಾಪಸ್ ಕಳಿಸುವ ಕೆಲಸ ಹೆಚ್ಚಾಗಿ ಮೀನಖಂಡದ್ದು. ನೀವು ಹೆಜ್ಜೆ ಇಟ್ಟಾಗಲೆಲ್ಲ ಮೀನಖಂಡ ಬಿಗಿಯಾಗಿ, ಒಳಗಿನ ದೊಡ್ಡ ರಕ್ತನಾಳಗಳನ್ನು ಹಿಂಡುತ್ತದೆ. ರಕ್ತ ಮೇಲೆ ಹೋಗುತ್ತದೆ. ಕೆಳಗೆ ಬೀಳದಂತೆ ರಕ್ತನಾಳದೊಳಗೆ ಸಣ್ಣ ಸಣ್ಣ ಕವಾಟಗಳಿವೆ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಸುಮ್ನೆ ಕೂತರೆ ಈ ಪಂಪು ನಿಂತ ಹಾಗೆ. ನಿಮ್ಮ ಹಾಗೆ ನರ ಉಬ್ಬಿದವರಲ್ಲಿ ಈ ಕವಾಟಗಳು ಮೊದಲೇ ಸಡಿಲವಾಗಿರುತ್ತವೆ. ಹೊರಗೆ ಕಾಣುವ ಆ ನೀಲಿ ನರಗಳೇ ದೊಡ್ಡ ಅಪಾಯ ಅಂದುಕೊಳ್ಳಬೇಡಿ. ನಾವು ಹೆದರುವುದು ಮಾಂಸದೊಳಗೆ, ಕಣ್ಣಿಗೆ ಕಾಣದ ಕಡೆ ಕಟ್ಟುವ ಹೆಪ್ಪಿಗೆ. ಅದಕ್ಕೇ ಡಾಕ್ಟರುಗಳು ಡಿವಿಟಿ ಅನ್ನುವುದು. ಅದರ ಒಂದು ತುಂಡು ಕಿತ್ತು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು.

ವಿಮಾನಕ್ಕೂ ಇದಕ್ಕೂ ವಿಶೇಷ ನಂಟೇನಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿದ್ದ ಜಾನ್ ಹೋಮನ್ಸ್ ಎಂಬ ಸರ್ಜನ್ 1954ರಲ್ಲೇ ಇದರ ಬಗ್ಗೆ ಬರೆದಿದ್ದರು. ವಿಮಾನದಲ್ಲಿ ಕೂತವರು, ಕಾರಿನಲ್ಲಿ ಕೂತವರು, ಕೊನೆಗೆ ನಾಟಕ ನೋಡಲು ಕೂತವರಿಗೂ ಕಾಲಿನಲ್ಲಿ ಹೆಪ್ಪಾದದ್ದನ್ನು ಅವರು ಗಮನಿಸಿದ್ದರು. ನಿಮ್ಮ ಕಡೆ ಬೆಳಗಿನವರೆಗೆ ಯಕ್ಷಗಾನ ನೋಡುವವರು ಮಧ್ಯೆ ಎದ್ದು ಚಹಾ ಅಂಗಡಿಗೆ ಹೋಗಿ ಬರುತ್ತಾರಲ್ಲ, ಒಳ್ಳೆಯ ಅಭ್ಯಾಸ ಅದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ವರದಿಯೂ ಇದನ್ನೇ ಹೇಳಿತು. ವಿಮಾನ, ರೈಲು, ಬಸ್ಸು, ಕಾರು ಯಾವುದೇ ಇರಲಿ, 4 ಗಂಟೆಗಿಂತ ಜಾಸ್ತಿ ಅಲ್ಲಾಡದೆ ಕೂತರೆ ಹೆಪ್ಪಾಗುವ ಸಾಧ್ಯತೆ ಸುಮಾರು ಎರಡರಷ್ಟಾಗುತ್ತದೆ. ಎರಡರಷ್ಟು ಅಂದ ತಕ್ಷಣ ಟಿಕೆಟ್ ರದ್ದು ಮಾಡಬೇಡಿ. ಆರೋಗ್ಯವಾಗಿರುವವರಲ್ಲಿ ಇದು ಸುಮಾರು 6000 ಜನರಲ್ಲಿ ಒಬ್ಬರಿಗೆ ಬರುವಂಥದ್ದು. ವಯಸ್ಸು, ಉಬ್ಬಿದ ನರ ಸೇರಿದಾಗ ನಿಮಗೆ ಸ್ವಲ್ಪ ಜಾಸ್ತಿ, ಅಷ್ಟೇ. ಮಗಳ ಹತ್ತಿರ ಖಂಡಿತ ಹೋಗಿ ಬನ್ನಿ.

ನಿಮಗೆ ನಾನು ಮುಖ್ಯವಾಗಿ ಹೇಳುವುದು ಸ್ಟಾಕಿಂಗ್ಸ್ ವಿಷಯ. ಮೊಣಕಾಲಿನ ಕೆಳಗಿನವರೆಗೆ ಬರುವ ಬಿಗಿ ಕಾಲುಚೀಲ. ಕಣಕಾಲಿನ ಹತ್ತಿರ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ. 2001ರಲ್ಲಿ ಇಂಗ್ಲೆಂಡಿನಲ್ಲಿ 50 ದಾಟಿದ ವಿಮಾನ ಪ್ರಯಾಣಿಕರನ್ನು ಪರೀಕ್ಷಿಸಿ ನೋಡಿದರು. ಈ ಚೀಲ ಹಾಕದ 100 ಜನರಲ್ಲಿ 12 ಜನರಿಗೆ ಮೀನಖಂಡದಲ್ಲಿ ಸಣ್ಣ ಹೆಪ್ಪು ಕಂಡಿತ್ತು, ಅವರಿಗೆ ಗೊತ್ತೇ ಆಗದಂತೆ. ಹಾಕಿದ 100 ಜನರಲ್ಲಿ ಒಬ್ಬರಿಗೂ ಇರಲಿಲ್ಲ. ಅಂಥ ಸಣ್ಣ ಹೆಪ್ಪು ಬಹಳಷ್ಟು ಸಲ ತಾನೇ ಕರಗಿ ಹೋಗುತ್ತದೆ. ಆದರೂ ಹಾಕಿಕೊಳ್ಳುವುದರಿಂದ ಲಾಭವೇ ಅಲ್ವಾ?

ಮೆಡಿಕಲ್ ಶಾಪಿನಲ್ಲಿ ಸ್ಮಾಲ್, ಮೀಡಿಯಂ ಅಂತ ಅಂದಾಜಿನ ಮೇಲೆ ತರಬೇಡಿ. ಬೆಳಗ್ಗೆ ಎದ್ದ ತಕ್ಷಣ, ಕಾಲು ಊದುವ ಮೊದಲು, ಕಣಕಾಲಿನ ಮತ್ತು ಮೀನಖಂಡದ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಬರೆದುಕೊಂಡು ಹೋಗಿ. ಡಬ್ಬದ ಮೇಲೆ ಒತ್ತಡ 15ರಿಂದ 30 mmHg ನಡುವೆ ಅಂತ ಇರಲಿ. ಮೇಲಿನ ಅಂಚು ಸುರುಳಿ ಸುತ್ತಿಕೊಳ್ಳಲು ಬಿಡಬೇಡಿ. ಸುತ್ತಿಕೊಂಡರೆ ಅದೇ ಹಗ್ಗ ಬಿಗಿದ ಹಾಗೆ ಆಗುತ್ತದೆ. ಉಳುಕಿಗೆ ಸುತ್ತುವ ಕ್ರೇಪ್ ಬ್ಯಾಂಡೇಜ್ ಇದಕ್ಕೆ ಬದಲಿ ಅಲ್ಲ, ಅದು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ನಿಮಗೆ ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿದಂತಿದ್ದರೆ, ಅಥವಾ ನಡೆಯುವಾಗ ಮೀನಖಂಡ ನೋಯುತ್ತಿದ್ದರೆ, ಡಾಕ್ಟರಿಗೆ ಕಾಲು ತೋರಿಸದೆ ಹಾಕಬೇಡಿ. ಹೊರಡುವ ದಿನವೇ ಮೊದಲ ಸಲ ಹಾಕಿಕೊಳ್ಳುವುದೂ ಬೇಡ. ಮನೆಯಲ್ಲಿ ಎರಡು ದಿನ ಹಾಕಿ ಅಭ್ಯಾಸ ಮಾಡಿಕೊಳ್ಳಿ. ಹಾಕುವುದು ಕಷ್ಟದ ಕೆಲಸ, ಮಗನೋ ಸೊಸೆಯೋ ಜೊತೆಗಿರಲಿ.

ಸೀಟು ಆಯ್ಕೆ ಮಾಡುವಾಗ ಕಿಟಕಿ ಬೇಡ, ನಡೆಯುವ ದಾರಿಯ ಪಕ್ಕದ್ದು ಕೇಳಿ. ಕಿಟಕಿಯ ಪಕ್ಕ ಕೂತವರು, ಇಬ್ಬರನ್ನು ದಾಟಿ ಹೋಗಬೇಕಲ್ಲ ಅಂತ ಏಳುವುದೇ ಇಲ್ಲ. ನಮ್ಮ ಹೆಣ್ಣುಮಕ್ಕಳಂತೂ ಪಕ್ಕದವರು ಮಲಗಿದ್ದಾರೆ, ಪಾಪ, ಯಾಕೆ ಎಬ್ಬಿಸುವುದು ಅಂತ ಆರು ಗಂಟೆ ಹಾಗೇ ಕೂತಿರುತ್ತಾರೆ.

ಇನ್ನೊಂದು ಮಾತು, ನಿಮ್ಮ ಎತ್ತರ ಎಷ್ಟು? ನಮ್ಮ ಕಡೆಯ ಬಹುಪಾಲು ಹೆಂಗಸರು 5 ಅಡಿ 3 ಅಂಗುಲಕ್ಕಿಂತ ಗಿಡ್ಡ. ವಿಮಾನದ ಸೀಟಿನಲ್ಲಿ ಕೂತರೆ ಪಾದ ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಸೀಟಿನ ಅಂಚು ಮೊಣಕಾಲಿನ ಹಿಂದೆ ಒತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆ ವರದಿಯಲ್ಲಿ ತುಂಬಾ ಎತ್ತರದವರ ಜೊತೆ ಗಿಡ್ಡ ಇರುವವರಿಗೂ ಅಪಾಯ ಜಾಸ್ತಿ ಅಂತ ಇದೆ. 1940ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಜನ ರಾತ್ರಿಯಿಡೀ ನೆಲಮಾಳಿಗೆಗಳಲ್ಲಿ ಬಟ್ಟೆಯ ಆರಾಮ ಕುರ್ಚಿಗಳಲ್ಲಿ ಕೂತು ಕಳೆಯುತ್ತಿದ್ದರು. ಅಂಥವರು ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿಕೊಂಡು ಸಾಯುವುದು ಹೆಚ್ಚಾದದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಗುರುತಿಸಿದರು. ಕುರ್ಚಿಯ ಮುಂದಿನ ಮರದ ಪಟ್ಟಿ ಕಾಲಿನ ಹಿಂಭಾಗವನ್ನು ಒತ್ತುತ್ತಿತ್ತು. ಹಾಗಾಗಿ ನಿಮ್ಮ ಕೈಚೀಲವನ್ನು ಪಾದದ ಕೆಳಗೆ ಇಟ್ಟುಕೊಳ್ಳಿ. ಮೊಣಕಾಲು ಸೀಟಿಗಿಂತ ಸ್ವಲ್ಪ ಮೇಲೆ ಬರಲಿ. ಅಷ್ಟಕ್ಕೇ ಕಾಲು ಎಷ್ಟು ಹಗುರಾಗುತ್ತದೆ ನೋಡಿ.

ಗಂಟೆಗೊಂದು ಸಲ ಎದ್ದು ಹಿಂದಿನ ಶೌಚಾಲಯದವರೆಗೆ ನಡೆದು ಬನ್ನಿ. ಕೂತಲ್ಲೇ ಹಿಮ್ಮಡಿ ಊರಿ ಬೆರಳು ಎತ್ತಿ, ಬೆರಳು ಊರಿ ಹಿಮ್ಮಡಿ ಎತ್ತಿ. ಹೊಲಿಗೆ ಮೆಷಿನ್ ತುಳಿದ ಹಾಗೆ. ನೀವು ಹೊಲಿಗೆ ಮೆಷಿನ್ ತುಳಿದಿದ್ದರೆ ನಾನು ಹೇಳಿಕೊಡುವುದೇ ಬೇಡ. ನಿದ್ದೆ ಮಾತ್ರೆ ಮಾತ್ರ ನುಂಗಬೇಡಿ. ಅದು ಮರದ ಕೊರಡಿನಂತೆ ಒಂದೇ ಭಂಗಿಯಲ್ಲಿ ಮಲಗಿಸಿಬಿಡುತ್ತದೆ. ಹೋಗಿ ಇಳಿದ ಮೇಲೂ ಸುಮಾರು 4 ವಾರ ಕಾಲಿನ ಮೇಲೆ ಕಣ್ಣಿರಲಿ.

ಪ್ರಶ್ನೆ: ನಾವು ಓಣಿಯ ಹದಿನೆಂಟು ಮಂದಿ ಹೆಣ್ಣುಮಕ್ಕಳು ಸೇರಿ ಕಾಶಿಗೆ ಹೊಂಟೀವಿ. ಹೋಗೂದು ರೈಲಿನಾಗ, ಅಲ್ಲಿಂದ ಬಸ್ಸು. ಒಟ್ಟು 12 ದಿನ. ನನಗೆ 42 ವರ್ಷ, ತೂಕ 84 ಕಿಲೋ. ಮುಟ್ಟು ಮುಂದೆ ಹೋಗೂ ಮಾತ್ರೆ ತಗೊಂಡ್ರ ಏನೂ ಆಗಂಗಿಲ್ಲ ಅಂತ ಎಲ್ಲಾರೂ ಹೇಳ್ತಾರ. ಕಾಲಿಗೂ ಅದಕ್ಕೂ ಸಂಬಂಧ ಐತೇನ್ರಿ?
– ಹೆಸರು ಬೇಡ ಎಂದವರು, ಹುಬ್ಬಳ್ಳಿ

ಉತ್ತರ: ಐತ್ರಿ ಅಕ್ಕಾರ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ, ಯಾಕೆಂದರೆ ಯಾರೂ ಕೇಳುವುದಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ಚೀಟಿ ಇಲ್ಲದೆ ತರುತ್ತಾರೆ. ಬಸ್ಸಿನಲ್ಲಿ ಒಬ್ಬರ ಸ್ಟ್ರಿಪ್ಪಿನಿಂದ ಇನ್ನೊಬ್ಬರು ಮುರಿದು ನುಂಗುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ.

ಆ ಮಾತ್ರೆಯ ಹೆಸರು ಸಾಮಾನ್ಯವಾಗಿ ನಾರ್‌ಎಥಿಸ್ಟಿರೋನ್. ಮುಟ್ಟಿಗೆ ಮೂರು ದಿನ ಮೊದಲು ಶುರು ಮಾಡಿ ದಿನಕ್ಕೆ ಎರಡು ಮೂರು ಸಲ ನುಂಗುತ್ತಾರೆ. ಇಷ್ಟು ಪ್ರಮಾಣದಲ್ಲಿ ತೆಗೆದುಕೊಂಡಾಗ ಅದರ ಒಂದು ಪಾಲು ದೇಹದೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಗರ್ಭನಿರೋಧಕ ಗುಳಿಗೆಗಳಲ್ಲಿ ಇರುವಂಥದ್ದೇ ಈಸ್ಟ್ರೋಜನ್. ಅದು ರಕ್ತ ಗಟ್ಟಿಯಾಗುವ ಗುಣವನ್ನು ಹೆಚ್ಚಿಸುತ್ತದೆ. ಜರ್ಮನಿಯ ರುಡಾಲ್ಫ್ ವಿರ್ಕೋ ಎಂಬ ವೈದ್ಯರ ಹೆಸರಿನಲ್ಲಿ ನಾವು ಇವತ್ತಿಗೂ ಮೂರು ಕಾರಣ ಕಲಿಯುತ್ತೇವೆ: ರಕ್ತ ನಿಂತಾಗ, ರಕ್ತನಾಳಕ್ಕೆ ಪೆಟ್ಟಾದಾಗ, ರಕ್ತದ ಗುಣವೇ ಬದಲಾದಾಗ ಹೆಪ್ಪಾಗುತ್ತದೆ. ನಿಮ್ಮ ಪ್ರಯಾಣದಲ್ಲಿ ರಕ್ತ ನಿಲ್ಲುವುದು ರೈಲಿನಿಂದ, ಗುಣ ಬದಲಾಗುವುದು ಮಾತ್ರೆಯಿಂದ. ಅದರ ಮೇಲೆ ತೂಕವೂ ಸೇರುತ್ತದೆ. ಒಂದೊಂದೇ ಆದರೆ ಸಣ್ಣ ಅಪಾಯ. ಮೂರೂ ಒಂದೇ ವಾರದಲ್ಲಿ ಬರುವುದು ನನಗೆ ಇಷ್ಟವಿಲ್ಲ.

ಈ ಮಾತ್ರೆ ನುಂಗಿದ ಎಲ್ಲರಿಗೂ ಹೆಪ್ಪಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಬಹುತೇಕ ಜನ ಕ್ಷೇಮವಾಗಿ ಹೋಗಿ ಬರುತ್ತಾರೆ. ಆದರೆ ಹಿಂದೆ ಒಮ್ಮೆ ಹೆಪ್ಪಾಗಿದ್ದರೆ, ತಾಯಿಗೋ ಅಕ್ಕನಿಗೋ ಆಗಿದ್ದರೆ, ತೂಕ ಜಾಸ್ತಿ ಇದ್ದರೆ, ಈಚೆಗೆ ಆಪರೇಷನ್ ಆಗಿದ್ದರೆ ಇದನ್ನು ನೀವೇ ಕೊಂಡು ನುಂಗಬೇಡಿ. ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಇಷ್ಟು ದೂರದ ಪ್ರಯಾಣ ಇದೆ, ಇಷ್ಟು ತೂಕ ಇದೆ ಅಂತ ಬಾಯಿಬಿಟ್ಟು ಹೇಳಿ. ಈಸ್ಟ್ರೋಜನ್ ಆಗಿ ಬದಲಾಗದ ಬೇರೆ ಮಾತ್ರೆಯೂ ಇದೆ. ನಿಮಗೆ ಯಾವುದು ಸರಿ ಅಂತ ಅವರು ಹೇಳುತ್ತಾರೆ. ಎಲ್ಲಕ್ಕಿಂತ ಒಳ್ಳೆಯದು, ಮುಟ್ಟಿನ ದಿನ ನೋಡಿಕೊಂಡು ಟಿಕೆಟ್ ಮಾಡಿಸುವುದು. ಹದಿನೆಂಟು ಮಂದಿಯ ದಿನ ಹೊಂದಿಸುವುದು ಕಷ್ಟ, ಗೊತ್ತು. ಆದರೂ ಒಂದು ಮಾತು ಮನಸ್ಸು ಬಿಚ್ಚಿ ಹೇಳಲೇ? ದೇವರ ದರ್ಶನ ಒಂದು ದಿನ ತಪ್ಪಿದರೆ ಇನ್ನೊಮ್ಮೆ ಮಾಡಬಹುದು. ಮುಟ್ಟಾದ ದಿನ ಛತ್ರದಲ್ಲಿ ಉಳಿದುಕೊಳ್ಳಬೇಕಾದ ಹೆಂಗಸಿಗೆ ಉಳಿದವರು ಜೊತೆಯಾದರೆ, ಅವಳು ಈ ಮಾತ್ರೆಯ ಕಡೆ ನೋಡುವುದೇ ಇಲ್ಲ.

ರೈಲಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ರಾತ್ರಿ ಕಾಲು ಚಾಚಿ ಮಲಗುತ್ತೀರಿ, ಹಗಲು ಡಬ್ಬಿಯೊಳಗೆ ಅತ್ತಿಂದಿತ್ತ ಓಡಾಡಬಹುದು. ಅಲ್ಲಿಂದ ಮುಂದಿನ ಬಸ್ಸಿನ ಬಗ್ಗೆ ಎಚ್ಚರ. ಪಾದ ಊರಲು ಒಂದು ಸಣ್ಣ ಚೀಲ ಇದ್ದರೆ ಸರಿ, ಆದರೆ ಕಾಲಿನ ಕೆಳಗೆಲ್ಲ ಬ್ಯಾಗು, ಪಾತ್ರೆ, ಗಂಗಾಜಲದ ಕ್ಯಾನು ತುಂಬಿಕೊಂಡು ಕಾಲು ಮಡಚಿ ಕೂರಬೇಡಿ. ಉಳಿದ ಸಾಮಾನು ಮೇಲೆ ಅಥವಾ ಡಿಕ್ಕಿಯಲ್ಲಿ ಹೋಗಲಿ. ಕಾಲಿಗೆ ಜಾಗ ಬೇಕು.

ಪ್ರಶ್ನೆ: ಹೆಂಡತಿಗೆ ಬೆಂಗಳೂರಿನಲ್ಲಿ ಸಿಸೇರಿಯನ್ ಆಗಿ 9 ದಿನ. ಕಾರಿನಲ್ಲಿ ಶಿರಸಿಯ ತವರಿಗೆ ಕರೆದುಕೊಂಡು ಹೋಗಬೇಕು. ಸುಮಾರು 400 ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಎಲ್ಲೂ ನಿಲ್ಲಿಸದೆ ಬೇಗ ತಲುಪಿಬಿಡೋಣ ಅಂತಾರೆ ಮಾವನವರು. ಸರಿಯೇ?
– ಓದುಗರು, ಬೆಂಗಳೂರು

ಉತ್ತರ: ಸರಿಯಲ್ಲ ತಮ್ಮಾ. ಮಾವನವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಬೇಗ ತಲುಪುವುದಕ್ಕಿಂತ ನಿಲ್ಲಿಸಿ ನಿಲ್ಲಿಸಿ ಹೋಗುವುದು ಇಲ್ಲಿ ಮುಖ್ಯ.

ಹೆರಿಗೆಯ ಹೊತ್ತಿನಲ್ಲಿ ಹೆಚ್ಚು ರಕ್ತ ಹೋಗದಿರಲಿ ಅಂತ ಬಸುರಿಯ ರಕ್ತಕ್ಕೆ ಪ್ರಕೃತಿಯೇ ಬೇಗ ಗಟ್ಟಿಯಾಗುವ ಗುಣ ಕೊಟ್ಟಿರುತ್ತದೆ. ಹೆರಿಗೆಯಾದ ಮೇಲೂ ಆ ಗುಣ ಸುಮಾರು 6 ವಾರ ಉಳಿದಿರುತ್ತದೆ. ಮೊದಲ ವಾರಗಳಲ್ಲಿ ಎಲ್ಲಕ್ಕಿಂತ ಜಾಸ್ತಿ. ಆಪರೇಷನ್ ಆದವರಿಗೆ ಇನ್ನೂ ಜಾಸ್ತಿ. ಹಿಂದಿನ ಕಾಲದಲ್ಲಿ ಯುರೋಪಿನಲ್ಲಿ ಬಾಣಂತಿಯ ಒಂದು ಕಾಲು ಬೆಳ್ಳಗೆ ಊದಿಕೊಂಡರೆ ಎದೆಹಾಲು ಕಾಲಿಗೆ ಇಳಿದಿದೆ ಅಂತ ನಂಬಿದ್ದರು. ಹಾಲುಗಾಲು ಅಂತಲೇ ಅದನ್ನು ಕರೆಯುತ್ತಿದ್ದರು. ಅದು ಹಾಲಲ್ಲ, ರಕ್ತದ ಹೆಪ್ಪು. ಬಸುರಿ ಬಾಣಂತಿಯರಲ್ಲಿ ಇದು ಹೆಚ್ಚಾಗಿ ಎಡಗಾಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಸಾಧ್ಯವಿದ್ದರೆ ಪ್ರಯಾಣವನ್ನೇ ಮುಂದೆ ಹಾಕಿ. ತವರಿನವರೇ ಬೆಂಗಳೂರಿಗೆ ಬಂದು ಕೆಲವು ವಾರ ಇರಲು ಆಗುತ್ತದಾ ಕೇಳಿ. ಹೋಗಲೇಬೇಕು ಅಂದರೆ, ಹೆರಿಗೆ ಮಾಡಿಸಿದ ಡಾಕ್ಟರನ್ನು ಮೊದಲು ಕೇಳಿ. ಸ್ಟಾಕಿಂಗ್ಸ್ ಬೇಕೇ, ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಸಣ್ಣ ಇಂಜೆಕ್ಷನ್ ಬೇಕೇ ಅಂತ ನೇರವಾಗಿ ಕೇಳಿ. ಕೆಲವರಿಗೆ ಬೇಕಾಗುತ್ತದೆ. ಹಗಲು ಹೊರಡಿ. ಗಂಟೆ, ಗಂಟೆಕಾಲಿಗೊಮ್ಮೆ ನಿಲ್ಲಿಸಿ ಅವರನ್ನು ಇಳಿಸಿ, ತೋಳು ಹಿಡಿದು ಐದು ನಿಮಿಷ ನಡೆಸಿ. ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ, ಇಲ್ಲಿ ದಾವಣಗೆರೆ, ರಾಣೆಬೆನ್ನೂರು, ದಾರಿಯುದ್ದಕ್ಕೂ ನಿಲ್ಲಿಸಲು ಊರುಗಳಿವೆ. ಸೀಟ್ ಬೆಲ್ಟ್ ಇಲ್ಲದೆ ಹಿಂದೆ ಮಲಗಿಸಿಕೊಂಡು ಹೋಗುವುದು ಹೇಗೂ ಬೇಡ. ಮಗುವಿಗೆ ಹಾಲು ಕೊಡಲು ನಿಲ್ಲಿಸಲೇಬೇಕಲ್ಲ, ಅದೇ ಹೊತ್ತಿಗೆ ತಾಯಿಯೂ ನಡೆಯಲಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ತವರಿಗೆ ಹೋದ ಮೇಲಿನ ಮಾತು ಇನ್ನೂ ಮುಖ್ಯ. ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ಎಣ್ಣೆ ನೀರು, ಬಿಸಿ ಊಟ, ಮನೆ ಕೆಲಸದಿಂದ ಬಿಡುವು, ಅಮ್ಮನ ಕೈಯ ಆರೈಕೆ. ಅದೆಲ್ಲ ಇರಲಿ. ಆದರೆ 40 ದಿನ ಮಂಚ ಬಿಟ್ಟು ಏಳಬಾರದು, ನೀರು ಕುಡಿದರೆ ಹೊಟ್ಟೆ ಬರುತ್ತದೆ ಅನ್ನುವ ಎರಡು ಮಾತನ್ನು ದಯವಿಟ್ಟು ಬಿಡಿ. ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಿ, ಬಿಸಿನೀರಾದರೂ ಸರಿ. ಮನೆಯೊಳಗೆ, ಅಂಗಳದಲ್ಲಿ ದಿನಾ ನಾಲ್ಕಾರು ಸಲ ಓಡಾಡಲಿ. ಅತ್ತೆಯವರಿಗೆ ಈ ಪುಟ ಓದಿ ಹೇಳಿ. ನನ್ನ ಮೇಲೆ ಸಿಟ್ಟಾದರೂ ಪರವಾಗಿಲ್ಲ.

ಪ್ರಶ್ನೆ: ಬಸ್ಸಿನಲ್ಲಿ ದೂರ ಹೋಗಿ ಇಳಿದಾಗ ನನ್ನ ಎರಡೂ ಪಾದ ಊದಿರುತ್ತವೆ. ಚಪ್ಪಲಿ ಹಿಡಿಸುವುದಿಲ್ಲ. ಇದು ಹೆಪ್ಪೇ? ಉಳುಕಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?
– ಓದುಗರು, ಹಾಸನ

ಉತ್ತರ: ಎರಡೂ ಪಾದ ಸಮನಾಗಿ ಊದಿ, ರಾತ್ರಿ ಮಲಗಿ ಎದ್ದಾಗ ಇಳಿದಿದ್ದರೆ ಅದು ಕಾಲು ಇಳಿಬಿಟ್ಟು ಕೂತದ್ದರ ಊತ. ಹೆಪ್ಪಲ್ಲ. ಬೆಳಗ್ಗೆಯೂ ಇಳಿಯದಿದ್ದರೆ ಹೃದಯ, ಮೂತ್ರಪಿಂಡ, ಬಿಪಿ ಮಾತ್ರೆ ಎಲ್ಲ ನೋಡಬೇಕಾಗುತ್ತದೆ, ಡಾಕ್ಟರಿಗೆ ತೋರಿಸಿ.

ಹೆಪ್ಪು ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ. ಮೀನಖಂಡ ಊದಿ, ಮುಟ್ಟಿದರೆ ಬಿಸಿ, ಒತ್ತಿದರೆ ನೋವು, ಬಣ್ಣ ಸ್ವಲ್ಪ ಕೆಂಪೋ ನೀಲಿಯೋ. ಉಳುಕಾದರೆ ಎಲ್ಲಿ ಕಾಲು ತಿರುಚಿತು ಅಂತ ನಿಮಗೆ ನೆನಪಿರುತ್ತದೆ. ಏನೂ ಆಗದೆ, ಸುಮ್ನೆ ಪ್ರಯಾಣ ಮಾಡಿ ಬಂದು ಒಂದು ಕಾಲು ಊದಿದರೆ ಅದನ್ನು ಉಳುಕು ಅನ್ನಬೇಡಿ.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. 2009ರಲ್ಲಿ, ಅವರಿಗೆ 67 ವರ್ಷ. ಟೂರಿಸ್ಟ್ ಬಸ್ಸಿನಲ್ಲಿ 22 ದಿನ ಉತ್ತರ ಭಾರತ ಸುತ್ತಿ ಊರಿಗೆ ಬಂದಿದ್ದರು. ಮಾರನೆಯ ದಿನ ಫೋನಿನಲ್ಲಿ "ಎಡಗಾಲು ಹಿಡ್ಕೊಂಡಂಗೆ ಆಗೈತೆ ಕಣಮ್ಮ" ಅಂದರು. ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು. ನಾನು "ದಣಿವು ಅತ್ತೆ, ಎರಡು ದಿನ ರೆಸ್ಟ್ ಮಾಡಿ" ಅಂದೆ. ಒಂದು ಕಾಲೋ ಎರಡು ಕಾಲೋ ಊದಿದೆಯಾ ಅಂತ ಕೇಳಲಿಲ್ಲ. ಕೇಳಬೇಕಿತ್ತು. ಊರಿನಲ್ಲಿ ಒಬ್ಬರು ಬಂದು ಬಿಸಿ ಎಣ್ಣೆ ಹಚ್ಚಿ ಮೀನಖಂಡ ಚೆನ್ನಾಗಿ ತಿಕ್ಕಿದರು. ಮೂರನೇ ದಿನ ಬಟ್ಟೆ ಒಣಹಾಕಲು ಮಹಡಿ ಹತ್ತುತ್ತಿದ್ದವರು ನಾಲ್ಕನೇ ಮೆಟ್ಟಿಲಿಗೆ ಕೂತುಬಿಟ್ಟರು. ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆಗೆ ತಂದಾಗ ಆಮ್ಲಜನಕ 86ಕ್ಕೆ ಇಳಿದಿತ್ತು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಮೊಣಕಾಲಿನಿಂದ ತೊಡೆಯವರೆಗೆ ಹೆಪ್ಪು ಕಂಡಿತು. ಸಿಟಿ ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶದಲ್ಲಿ ತುಂಡುಗಳು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇಂಜೆಕ್ಷನ್, ಒಂಬತ್ತು ದಿನ ಆಸ್ಪತ್ರೆ, ಆಮೇಲೆ ಅದೇ ಕೆಲಸಕ್ಕೆ ಆರು ತಿಂಗಳು ವಾರ್ಫರಿನ್ ಮಾತ್ರೆ. ಉಳಿದುಕೊಂಡರು. 80 ತುಂಬುವವರೆಗೆ ನಮ್ಮ ಜೊತೆಗಿದ್ದರು. ಆ ಮೆಟ್ಟಿಲಿನ ಮೇಲೆ ಕೂತ ಅವರ ಮುಖ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಹಾಗಾಗಿ ಒಂದು ಕಾಲು ಊದಿದರೆ ತಿಕ್ಕಬೇಡಿ, ಎಣ್ಣೆ ಬೇಡ, ಬಿಸಿ ಶಾಖ ಬೇಡ. ಅವತ್ತೇ ಡಾಕ್ಟರ ಹತ್ತಿರ ಹೋಗಿ, ನಾನು ಇಷ್ಟು ದಿನದ ಹಿಂದೆ ಇಷ್ಟು ದೂರ ಪ್ರಯಾಣ ಮಾಡಿದ್ದೆ ಅಂತ ನೀವಾಗಿ ಹೇಳಿ. ಕೇಳುವುದನ್ನು ಡಾಕ್ಟರು ಮರೆಯಬಹುದು, ನಾನು ಮರೆತಿದ್ದೆ. ಡಾಪ್ಲರ್ ಸ್ಕ್ಯಾನಿಗೆ ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ಅಂತ ಒಂದು ರಕ್ತ ಪರೀಕ್ಷೆಯೂ ಇದೆ. ಹೆಪ್ಪು ಸಿಕ್ಕಿದರೆ ಔಷಧಿ ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು. ಈಗ ವಾರ್ಫರಿನ್‌ನಂತೆ ಪದೇ ಪದೇ ರಕ್ತ ಪರೀಕ್ಷೆ ಬೇಡದ ಮಾತ್ರೆಗಳೂ ಬಂದಿವೆ. ಆದರೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರು ಎಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ತಲೆ ಸುತ್ತಿ ಬಿದ್ದರೆ ಸ್ಕ್ಯಾನ್ ಸೆಂಟರಿಗೆ ಹೋಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸ್ತೀನಿ. ದಿನಕ್ಕೆ 13–14 ಗಂಟೆ ಸೀಟಲ್ಲೇ. ನಮ್ಮಂಥವರಿಗೂ ಇದು ಬರುತ್ತಾ ಮೇಡಂ?
– ಓದುಗರು, ಮಂಡ್ಯ

ಉತ್ತರ: ಬರಬಹುದು ಅಣ್ಣ. ಪ್ರಯಾಣವೇ ಬೇಕೆಂದಿಲ್ಲ. 2003ರಲ್ಲಿ ನ್ಯೂಜಿಲೆಂಡಿನ ವೈದ್ಯರು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುತ್ತಿದ್ದ 32 ವರ್ಷದ ಯುವಕನಿಗೆ ಹೀಗಾದದ್ದನ್ನು ವರದಿ ಮಾಡಿದ್ದರು. ಸಿಟಿಯಲ್ಲಿ ಕ್ಲಚ್, ಬ್ರೇಕ್ ಅಂತ ನಿಮ್ಮ ಕಾಲು ಅಲ್ಲಾಡುತ್ತಲೇ ಇರುತ್ತದೆ. ಹೈವೇಯಲ್ಲಿ ಎಡಗಾಲಿಗೆ ಕೆಲಸವೇ ಇರುವುದಿಲ್ಲ. ಕಾಯುವ ಹೊತ್ತಿನಲ್ಲಿ ಸೀಟು ಹಿಂದೆ ಹಾಕಿ ಮೊಬೈಲ್ ನೋಡುವ ಬದಲು ಇಳಿದು ಕಾರಿನ ಸುತ್ತ ಹತ್ತು ಸುತ್ತು ನಡೆಯಿರಿ. ಸಿಗರೇಟು ಇದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಮೊಣಕಾಲಿನ ಕೀಲು ಬದಲಾಯಿಸಿ 3 ವಾರ ಆಯಿತು. ರಕ್ತ ತೆಳ್ಳಗಾಗುವ ಮಾತ್ರೆ ಕೊಟ್ಟಿದ್ದಾರೆ. ನೋವಿಲ್ಲ ಅಂತ ನಿಲ್ಲಿಸಿದ್ದೇನೆ. ಬಳ್ಳಾರಿಗೆ ಬಸ್ಸಿನಲ್ಲಿ ಹೋಗಬಹುದೇ?
– ಓದುಗರು, ಬೆಂಗಳೂರು

ಉತ್ತರ: ಆ ಮಾತ್ರೆ ನೋವಿಗೆ ಕೊಟ್ಟದ್ದಲ್ಲ, ಹೆಪ್ಪಾಗದಿರಲಿ ಅಂತ ಕೊಟ್ಟದ್ದು. ಇವತ್ತೇ ಸರ್ಜನ್‌ಗೆ ಫೋನ್ ಮಾಡಿ, ನಿಲ್ಲಿಸಿ ಎಷ್ಟು ದಿನ ಆಯಿತು ಅಂತ ಹೇಳಿ, ಅವರು ಹೇಳಿದಂತೆ ಮಾಡಿ. ಅವರನ್ನು ಕೇಳದೆ ಬಸ್ ಹತ್ತಬೇಡಿ. ಕೀಲು ಬದಲಾಯಿಸಿದ ಮೇಲಿನ ಮೊದಲ ವಾರಗಳಲ್ಲಿ ಮನೆಯಲ್ಲಿ ಇದ್ದರೂ ಹೆಪ್ಪಾಗಬಹುದು.

ಪ್ರಶ್ನೆ: ಡಾಕ್ಟರ್ ಆಂಟಿ, ನಾನು ಪಿಯುಸಿ ಓದ್ತಿದ್ದೇನೆ. ಅಜ್ಜನ ಚಿಕಿತ್ಸೆಗಾಗಿ ಅಮ್ಮ ತಿಂಗಳಿಗೆ ಎರಡು ಸಲ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರ್ತಾರೆ. ಬಸ್ಸಿನಲ್ಲಿ ಶೌಚಾಲಯ ಇಲ್ಲ ಅಂತ ಮಧ್ಯಾಹ್ನ 3 ಗಂಟೆ ಮೇಲೆ ನೀರೇ ಕುಡಿಯಲ್ಲ. ಬಸ್ ನಿಲ್ಲಿಸಿ ಅಂತ ಕೇಳೋಕೆ ನಾಚಿಕೆ. ಬೆಳಗ್ಗೆ ಬಂದಾಗ ಕಾಲು ಮರಗಟ್ಟಿರುತ್ತೆ ಅಂತಾರೆ. ನನಗೆ ಭಯ ಆಗುತ್ತೆ.
– ಕಲಬುರಗಿಯ ಓದುಗಳು

ಉತ್ತರ: ಪುಟ್ಟಿ, ನಿನ್ನ ಪತ್ರವನ್ನು ನಾನು ಎರಡು ಸಲ ಓದಿದೆ. ನನ್ನ ಕ್ಲಿನಿಕ್ಕಿಗೆ ಬರುವ ಹೆಂಗಸರಲ್ಲಿ ಎಷ್ಟು ಜನ ಹೀಗೆ ಮಾಡುತ್ತಾರೆ ಗೊತ್ತಾ? ಶಾಲೆಯ ಟೀಚರುಗಳು, ಬ್ಯಾಂಕಿನವರು, ಮದುವೆಗೆ ಹೊರಟ ಅಜ್ಜಿಯರು, ಎಲ್ಲರೂ. ಗಂಡಸರು ಬಸ್ ನಿಂತಲ್ಲಿ ಇಳಿದು ರಸ್ತೆ ಬದಿಗೆ ಹೋಗಿ ಬರುತ್ತಾರೆ. ಅದರ ನೆಪದಲ್ಲಿ ಅವರ ಕಾಲೂ ಆಡುತ್ತದೆ. ಹೆಂಗಸರು ಕೂತಲ್ಲೇ ಕೂತಿರುತ್ತಾರೆ. ಇದು ನಮ್ಮ ಹೆಂಗಸರ ತಪ್ಪಲ್ಲ, ದಾರಿಯಲ್ಲಿ ಚೊಕ್ಕ ಶೌಚಾಲಯ ಇಲ್ಲದ್ದರ ತಪ್ಪು.

ನೀರು ಕುಡಿದ ಮಾತ್ರಕ್ಕೆ ಹೆಪ್ಪು ತಪ್ಪುತ್ತದೆ ಅಂತ ನಾನು ನಿನಗೆ ಹೇಳುವುದಿಲ್ಲ. ಮುಖ್ಯ ಕಾರಣ ಅಲ್ಲಾಡದೆ ಕೂರುವುದೇ. ಆದರೆ ನೀರು ಕುಡಿದವರು ಏಳಲೇಬೇಕು, ಅಲ್ವಾ? ಎದ್ದರೆ ಕಾಲು ನಡೆಯುತ್ತದೆ. ಅದೂ ಅಲ್ಲದೆ 14–15 ಗಂಟೆ ನೀರು ಬಿಟ್ಟು ಮೂತ್ರ ತಡೆದುಕೊಂಡರೆ ಉರಿಮೂತ್ರ, ಸೋಂಕು ಬೇರೆ.

ಸ್ಲೀಪರ್ ಬಸ್ಸಿನಲ್ಲಿ ಹೋಗಲು ಸಾಧ್ಯವಾದರೆ ಅದರಲ್ಲೇ ಹೋಗಲಿ. ಮೊಣಕಾಲು ಮಡಚಿ ಕೂರುವುದಕ್ಕಿಂತ ಕಾಲು ಚಾಚಿ ಮಲಗುವುದು ಎಷ್ಟೋ ಮೇಲು. ಎಚ್ಚರವಾದಾಗಲೆಲ್ಲ ಮಗ್ಗುಲು ಬದಲಿಸಲಿ, ಪಾದ ಮೇಲೆ ಕೆಳಗೆ ಆಡಿಸಲಿ. ಸೀಟಿನ ಬಸ್ಸಾದರೆ ಪಾದ ಊರಲು ಒಂದು ಸಣ್ಣ ಬ್ಯಾಗು ಇಟ್ಟುಕೊಳ್ಳಲಿ. ನೀರನ್ನು ಒಮ್ಮೆಲೇ ಒಂದು ಲೀಟರ್ ಕುಡಿಯುವುದು ಬೇಡ, ಗಂಟೆಗೊಮ್ಮೆ ನಾಲ್ಕು ಗುಟುಕು ಸಾಕು.

ಇನ್ನು ಕೇಳುವ ವಿಷಯ. ನಡುರಾತ್ರಿ ಎದ್ದು ಹೋಗಿ, ಮಲಗಿದ ಬಸ್ಸಿನ ನಡುವೆ ನಿಂತು ನಿಲ್ಲಿಸಿ ಅನ್ನುವುದು ಕಷ್ಟವೇ. ಅದಕ್ಕೇ ಹತ್ತುವಾಗಲೇ ಕೇಳಬೇಕು. ಮುಂದಿನ ಸಲ ಅಮ್ಮನನ್ನು ಬಸ್ ಹತ್ತಿಸಲು ನೀನೂ ಸ್ಟ್ಯಾಂಡಿಗೆ ಹೋಗು. ಕಂಡಕ್ಟರ್ ಇದ್ದರೆ ಕಂಡಕ್ಟರ್ ಹತ್ತಿರ, ಇಲ್ಲದಿದ್ದರೆ ಡ್ರೈವರ್ ಹತ್ತಿರ ಹೋಗಿ ನೀನೇ ಕೇಳು: "ಅಣ್ಣಾ, ಊಟಕ್ಕೆ ಎಲ್ಲಿ ನಿಲ್ಲಿಸ್ತೀರಿ? ಅದಾದ ಮೇಲೆ ಹೆಂಗಸರಿಗೆ ಸರಿಯಾದ ಶೌಚಾಲಯ ಇರೋ ಕಡೆ ಇನ್ನೊಂದು ಸಲ ನಿಲ್ಲಿಸ್ತೀರಾ? ನಮ್ಮ ಅಮ್ಮ ಈ ಸೀಟಲ್ಲಿ ಇರ್ತಾರೆ, ನಿಲ್ಲಿಸಿದಾಗ ಎಬ್ಬಿಸಿ." ಬಹಳಷ್ಟು ಡ್ರೈವರುಗಳು ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸುತ್ತಾರೆ. ಅವರ ಮನೆಯಲ್ಲೂ ಅಮ್ಮ, ಅಕ್ಕ ಇರುತ್ತಾರೆ. ನೀನು ಕೇಳಿದ ಮೇಲೆ ಅದೇ ಬಸ್ಸಿನಲ್ಲಿ ಇನ್ನೂ ನಾಲ್ಕು ಹೆಂಗಸರು ಇಳಿಯುತ್ತಾರೆ, ನೋಡುತ್ತಿರು. ಅವರೂ ಮಧ್ಯಾಹ್ನದಿಂದ ನೀರು ಕುಡಿದಿರುವುದಿಲ್ಲ.